ನಮ್ಮ ಸ್ಟಾಪಿನವರು

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ಕೇಳುವುದು ‘ಯಾವೂರಮ್ಮ?’ ಅಂತ. ಊರು ಹೇಳಿದರೆ ‘ಯಾರ ಮನೆ?’ ಅಂತ. ಮನೆ ಹೇಳಿದರೆ ‘ಓ, ಬಾವಿ ಪಕ್ಕದ ಹೆಂಚಿನ ಮನೆ, ಅವರ ಎರಡನೇ ಮಗಳಾ ನೀನು?’ ಅಂತ. ತಿಪಟೂರಿನಿಂದ ನಮ್ಮ ಹಳ್ಳಿಗೆ ಹದಿನಾಲ್ಕು ಕಿಲೋಮೀಟರ್. ಅಷ್ಟರೊಳಗೆ ನನ್ನ ಓದು, ಅಕ್ಕನ ಮದುವೆ, ಅಪ್ಪನ ಮಂಡಿನೋವು, ಆ ವರ್ಷದ ಕೊಬ್ಬರಿ ರೇಟು ಎಲ್ಲ ಮುಗಿದಿರುತ್ತಿತ್ತು. ಇಳಿಯುವಾಗ ‘ನಾನು ಕೇಳ್ದೆ ಅಂತ ಅಪ್ಪನಿಗೆ ಹೇಳು’ ಅನ್ನೋರು. ಮನೆಗೆ ಹೋಗಿ ಹೇಳಿದರೆ ಅಪ್ಪ ‘ಯಾರು?’ ಅನ್ನೋರು. ನನಗೆ ಗೊತ್ತಿರುತ್ತಿರಲಿಲ್ಲ. ಅಷ್ಟು ಹೊತ್ತು ನಾನೇ ಹೇಳಿದ್ದೆ, ಅವರು ಕೇಳಿದ್ದರು. ಅವರ ಬಗ್ಗೆ ನನಗೆ ಏನೂ ಗೊತ್ತಾಗಿರುತ್ತಿರಲಿಲ್ಲ.

1999ರಲ್ಲಿ ಬೆಂಗಳೂರಿಗೆ ಬಂದೆ. ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ವಿಜಯನಗರದಲ್ಲಿ ಚಿಕ್ಕಪ್ಪನ ಮನೆ. ಮೊದಲ ವಾರವೇ ಅಮ್ಮನಿಗೆ ಇನ್‌ಲ್ಯಾಂಡ್ ಲೆಟರ್ ಬರೆದೆ. ‘ಇಲ್ಲಿ ಎಲ್ಲರೂ ಮುಖ ಗಂಟು ಹಾಕಿಕೊಂಡೇ ಓಡಾಡುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆ ಮೈಗೆ ಮೈ ತಾಗಿಸಿಕೊಂಡು ನಿಂತರೂ ಒಬ್ಬರೂ ಮಾತಾಡಿಸುವುದಿಲ್ಲ.’ ಅಮ್ಮನ ಉತ್ತರ ಎರಡು ಸಾಲು. ‘ಅವರ ತಾಪತ್ರಯ ಅವರಿಗೆ. ಊಟ ಬಿಡಬೇಡ.’

ಆಗ ಸಿಟಿ ಬಸ್ಸಿಗೆ ಬಿಎಂಟಿಸಿ ಅಂತ ಹೆಸರು ಬದಲಾಗಿ ಎರಡು ವರ್ಷವಾಗಿತ್ತು. ಜನರ ಬಾಯಲ್ಲಿ ಮಾತ್ರ ಇನ್ನೂ ಬಿಟಿಎಸ್ಸೇ. ‘ಬಿಟ್ರೆ ತಿರುಗಾ ಸಿಗಲ್ಲ’ ಅಂತ ಚಿಕ್ಕಪ್ಪ ಅದಕ್ಕೆ ಅರ್ಥ ಹೇಳಿಕೊಟ್ಟಿದ್ದರು. ಬಸ್ಸು ತುಂಬಿಬಿಟ್ಟರೆ ಕಂಡಕ್ಟರ್ ನಮ್ಮ ಹತ್ತಿರ ಬರುವುದಕ್ಕೆ ಜಾಗ ಎಲ್ಲಿರುತ್ತದೆ? ನಮ್ಮ ದುಡ್ಡೇ ಅವರ ಹತ್ತಿರ ಹೋಗಬೇಕು. ‘ಒಂದು ಮೆಜೆಸ್ಟಿಕ್’ ಅಂತ ಮುಂದಿನವರ ಭುಜ ಮುಟ್ಟಿ ನೋಟು ಕೊಡುವುದು. ಅವರು ತಿರುಗಿಯೂ ನೋಡದೆ ಇಸಿದುಕೊಂಡು ಅವರ ಮುಂದಿನವರಿಗೆ ದಾಟಿಸುವುದು. ಆರೇಳು ಕೈ ದಾಟಿ ನೋಟು ಹೋಗಿ, ಅದೇ ದಾರಿಯಲ್ಲಿ ಟಿಕೆಟ್ಟೂ ಚಿಲ್ಲರೆಯೂ ವಾಪಸ್ಸು ಬರುತ್ತಿತ್ತು. ಇಷ್ಟು ವರ್ಷದಲ್ಲಿ ಒಂದು ರೂಪಾಯಿ ನಡುವೆ ಕಳೆದದ್ದು ನನಗೆ ನೆನಪಿಲ್ಲ.

ಸೀಟು ಸಿಕ್ಕವರು ನಿಂತವರ ಬ್ಯಾಗು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ‘ಕೊಡಿ’ ಅನ್ನೋದು ಒಂದೇ ಮಾತು. ಒಂದು ಸಲ ಕಾರ್ಪೊರೇಷನ್ ಹತ್ತಿರ ಹತ್ತಿದ ಹೆಂಗಸೊಬ್ಬಳು ಬ್ಯಾಗಿನ ಬದಲು ಮಗುವನ್ನೇ ನನ್ನ ತೊಡೆಯ ಮೇಲೆ ಕೂರಿಸಿದಳು. ಕೇಳಲೂ ಇಲ್ಲ. ಮಗು ನನ್ನ ಮುಖ ಒಮ್ಮೆ ನೋಡಿತು, ಅಳಲೋ ಬೇಡವೋ ಅಂತ ಯೋಚನೆ ಮಾಡಿತು, ಆಮೇಲೆ ನಿದ್ದೆ ಹೋಯಿತು. ಅವಳ ಸ್ಟಾಪು ಬಂದಾಗ ಎತ್ತಿಕೊಂಡು ಇಳಿದು ಹೋದಳು. ಥ್ಯಾಂಕ್ಸೂ ಇಲ್ಲ, ನಗುವೂ ಇಲ್ಲ. ನನ್ನ ಚೂಡಿದಾರದ ಮೇಲೆ ಅಂಗೈಯಗಲ ಜೊಲ್ಲು ಉಳಿಯಿತು.

ಇದನ್ನು ಅಮ್ಮನಿಗೆ ಬರೆದೆನಾ? ಇಲ್ಲ. ಬರೆಯುವಂಥದ್ದು ಅನ್ನಿಸಲೇ ಇಲ್ಲ. ಯಾರೂ ಮಾತಾಡಿಸುವುದಿಲ್ಲ ಅನ್ನೋದಷ್ಟೇ ಆಗ ನನಗೆ ಕಂಡಿದ್ದು. ಹೆತ್ತ ಮಗುವನ್ನು ಒಬ್ಬಳು ಯಾರೆಂದು ಕೇಳದೆ ನನ್ನ ಮಡಿಲಿಗೆ ಹಾಕಿದ್ದು ಸ್ನೇಹದ ಲೆಕ್ಕಕ್ಕೆ ಬರುತ್ತದೆ ಅಂತ ಹೊಳೆಯಲಿಲ್ಲ. ನಮ್ಮೂರಿನಲ್ಲಾದರೆ ಮೊದಲು ‘ಯಾರ ಮನೆಯವಳು’ ಅಂತ ಆಗಬೇಕಿತ್ತು. ಆಮೇಲೆ ಮಗು.

ಅಕ್ಕ ಮದುವೆಯಾಗಿ ಹೋಗಿದ್ದು ಡೊಂಬಿವಲಿಗೆ. ಭಾವನಿಗೆ ಮುಂಬೈಯಲ್ಲಿ ಕೆಲಸ. ಒಂದು ಬೇಸಿಗೆ ರಜಕ್ಕೆ ಹೋದವಳು ಅವಳ ಜೊತೆ ಲೋಕಲ್ ಟ್ರೇನಿನ ಹೆಂಗಸರ ಡಬ್ಬಿ ಹತ್ತಿದೆ. ಹತ್ತಿದೆ ಅನ್ನೋದು ತಪ್ಪು. ಯಾರೋ ಎಳೆದುಕೊಂಡರು. ಮೂರು ಜನ ಕೂರುವ ಬೆಂಚಿನಲ್ಲಿ ನಾಲ್ಕನೆಯವಳಿಗೂ ಅರ್ಧ ಜಾಗ ಬಿಡುವುದು ಅಲ್ಲಿನ ಕಾನೂನು. ನನ್ನನ್ನು ಹಾಗೆ ಕೂರಿಸಿದ್ದೇ ತಡ, ನಿಂತಿದ್ದ ಒಬ್ಬಾಕೆ ಬಗ್ಗಿ ‘ಕಹಾಂ ಉತರೋಗೆ?’ ಅಂದಳು. ಪರವಾಗಿಲ್ಲವೇ, ಇಲ್ಲಿ ಮಾತಾಡಿಸುತ್ತಾರೆ ಅಂತ ಖುಷಿಯಾಗಿ, ನಾವು ಕರ್ನಾಟಕದವರು, ಇವಳು ನಮ್ಮಕ್ಕ ಅಂತ ಶುರು ಮಾಡಿದೆ. ಅಕ್ಕ ತಿವಿದಳು. ‘ಅವಳಿಗೆ ನಿನ್ನ ಸೀಟು ಬೇಕಾಗಿದೆ ಕಣೆ. ಎಲ್ಲಿ ಇಳೀತೀಯ ಅಷ್ಟು ಹೇಳು ಸಾಕು.’ ನಮ್ಮೂರಿನಲ್ಲಿ ಎಲ್ಲಿಂದ ಬಂದೆ ಅಂತ ಕೇಳುತ್ತಾರೆ, ಮುಂಬೈಯಲ್ಲಿ ಎಲ್ಲಿ ಇಳೀತೀಯ ಅಂತ. ಅಕ್ಕ ಇವತ್ತಿಗೂ ಇದನ್ನು ನೆಂಟರ ಮುಂದೆ ಹೇಳಿ ನಗುತ್ತಾಳೆ.

ಅದೇ ಅಕ್ಕ 2005ರ ಜುಲೈ 26ರಂದು ಆಫೀಸಿನಿಂದ ಮನೆಗೆ ಬರಲಿಲ್ಲ. ಸಾಂತಾಕ್ರೂಜಿನಲ್ಲಿ ಆವತ್ತು ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ತಿಪಟೂರಿನಲ್ಲಿ ವರ್ಷಕ್ಕೂ ಅಷ್ಟು ಸುರಿಯುವುದಿಲ್ಲ. ಟ್ರೇನು ನಿಂತಿತು, ಫೋನೂ ಸಿಗಲಿಲ್ಲ. ಇಲ್ಲಿ ನಾವು ಟೀವಿ ಮುಂದೆ ಕೂತು ರಾತ್ರಿ ಕಳೆದೆವು. ಅವಳು ಸೊಂಟದವರೆಗಿನ ನೀರಿನಲ್ಲಿ ನಡೆದಿದ್ದಾಳೆ. ಮುಂದೆ ಪಕ್ಕದಲ್ಲಿ ಯಾರೋ ಹಗ್ಗ ಕಟ್ಟಿದ್ದರಂತೆ, ಅದನ್ನು ಹಿಡಿದುಕೊಂಡು. ಘಾಟ್ಕೋಪರ್ ಹತ್ತಿರ ಒಂದು ಬಿಲ್ಡಿಂಗಿನ ಮೆಟ್ಟಿಲಲ್ಲಿ ನಿಂತಿದ್ದ ಹೆಂಗಸು ಇವಳನ್ನೂ ಇನ್ನೂ ನಾಲ್ಕು ಜನರನ್ನೂ ಒಳಗೆ ಕರೆದುಕೊಂಡಳು. ಒಂದೇ ಕೋಣೆಯ ಮನೆ. ಒಣ ಸೀರೆ ಕೊಟ್ಟಳು, ಚಹಾ ಮಾಡಿದಳು, ನೆಲದ ಮೇಲೆ ಮಲಗಿಸಿದಳು. ಬೆಳಗ್ಗೆ ಎದ್ದು ನಡೆದು ಬಂದಳು ಅಕ್ಕ. ಸೀರೆ ವಾಪಸ್ಸು ಕೊಡಬೇಕಲ್ಲ ಅಂತ ತಿಂಗಳಾದ ಮೇಲೆ ಹುಡುಕಿಕೊಂಡು ಹೋದರೆ ಬಿಲ್ಡಿಂಗೇ ಗುರುತು ಸಿಗಲಿಲ್ಲ. ಎಲ್ಲವೂ ಒಂದೇ ಥರ. ಹೆಸರು ಕೇಳಿಕೊಂಡಿರಲಿಲ್ಲ, ಅವರೂ ಕೇಳಿರಲಿಲ್ಲ. ಆ ಸೀರೆ ಇನ್ನೂ ಡೊಂಬಿವಲಿಯ ಬೀರುವಿನಲ್ಲಿದೆ.

ಊರಿನವರು ಎಲ್ಲ ಕೇಳಿಕೊಂಡು ಆಮೇಲೆ ಉಪಕಾರ ಮಾಡುತ್ತಾರೆ. ದೊಡ್ಡ ಊರಿನವರು ಕೇಳದೆಯೇ ಮಾಡಿ ಹೊರಟುಹೋಗುತ್ತಾರೆ. ನನಗೆ ಹೀಗೆ ಅನ್ನಿಸೋಕೆ ಹತ್ತು ವರ್ಷ ಬೇಕಾಯಿತು. ಹಾಗಂತ ಎಲ್ಲ ದೊಡ್ಡ ಊರೂ ಒಂದೇ ಅಲ್ಲ. 1990ರ ದಶಕದಲ್ಲಿ ರಾಬರ್ಟ್ ಲೆವಿನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 23 ದೇಶಗಳ ದೊಡ್ಡ ನಗರಗಳಲ್ಲಿ ಇದನ್ನೇ ಪರೀಕ್ಷೆ ಮಾಡಿಸಿದರು. ನಡೆಯುತ್ತಾ ಪೆನ್ನು ಬೀಳಿಸುವುದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಪತ್ರಿಕೆಗಳನ್ನು ಬೀಳಿಸುವುದು, ಕಣ್ಣು ಕಾಣದವರ ಥರ ರಸ್ತೆ ದಾಟಲು ನಿಲ್ಲುವುದು. ಎಷ್ಟು ಜನ ಸಹಾಯಕ್ಕೆ ಬರುತ್ತಾರೆ ಅಂತ ಲೆಕ್ಕ. ಬ್ರೆಜಿಲ್‌ನ ರಿಯೊ ಡಿ ಜನೈರೊ ಶೇ. 93ರಷ್ಟು ಪಡೆದು ಮೊದಲು ಬಂತು. ಕ್ವಾಲಾಲಂಪುರ ಶೇ. 40ರ ಆಸುಪಾಸಿನಲ್ಲಿ ಕೊನೆ, ನ್ಯೂಯಾರ್ಕ್ ಅದಕ್ಕಿಂತ ಸ್ವಲ್ಪ ಮೇಲೆ. ನಮ್ಮ ಕೋಲ್ಕತ್ತಾ? ಮೊದಲ ಐದರೊಳಗೆ. ಅಷ್ಟು ಜನ, ಅಷ್ಟು ಕಿಕ್ಕಿರಿದ ಬೀದಿ, ಆದರೂ ಬಿದ್ದ ಪೆನ್ನು ಎತ್ತಿಕೊಡುತ್ತಾರೆ. ಜನ ಜಾಸ್ತಿ ಆದಷ್ಟೂ ಮನಸ್ಸು ಕಲ್ಲಾಗುತ್ತದೆ ಅನ್ನುವವರಿಗೆ ಕೋಲ್ಕತ್ತಾ ಉತ್ತರ. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಇದ್ದಿದ್ದರೆ ಪೆನ್ನು ಎತ್ತಿಕೊಡುತ್ತಿದ್ದರು ಅಂತ ನನ್ನ ನಂಬಿಕೆ. ಯಾವ ಭಾಷೆಯಲ್ಲಿ ಕರೆದು ಕೊಡುವುದು ಅಂತ ಅರೆಗಳಿಗೆ ಯೋಚನೆ ಮಾಡಿ ಆಮೇಲೆ.

ಆ ಅರೆಗಳಿಗೆ ನಮ್ಮ ಊರಿನ ದೊಡ್ಡ ಸಮಸ್ಯೆ. 2011ರ ಜನಗಣತಿಯಲ್ಲೇ ಬೆಂಗಳೂರಿನಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ಎದುರಿಗೆ ಬಂದವರ ಮುಖ ನೋಡಿ ಕನ್ನಡವಾ, ಹಿಂದಿಯಾ, ಇಂಗ್ಲಿಷಾ ಅಂತ ಲೆಕ್ಕ ಹಾಕುವಷ್ಟರಲ್ಲಿ ಮಾತಾಡುವ ಹೊತ್ತು ಮುಗಿದುಹೋಗಿರುತ್ತದೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬ ಹುಡುಗಿ ಸಿಗುತ್ತಿದ್ದಳು. ಎರಡು ವರ್ಷ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳಿಕೊಂಡಿದ್ದೇವೆ. ವಾರಕ್ಕೊಮ್ಮೆ ಮಳೆ ಬಗ್ಗೆ ಒಂದು ಸಾಲು. ಒಂದು ದಿನ ಮೂರನೇ ಮಹಡಿಯಲ್ಲಿ ಅವಳ ಫೋನು ಬಡಿದುಕೊಂಡಿತು. ‘ಹ್ಞೂಂ ಕಣಮ್ಮ, ತಿಂದೆ. ಅವರೆಕಾಳು ಕಳಿಸು’ ಅಂದಳು. ಅವಳು ಫೋನಿಟ್ಟ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕದ್ದು ಸಿಕ್ಕಿಬಿದ್ದ ಹಾಗೆ. ಅವಳ ಊರು ಕಡೂರು. ತಿಪಟೂರಿನಿಂದ ಅರಸೀಕೆರೆ ದಾಟಿದರೆ ಕಡೂರೇ. ಒಂದೇ ರೈಲು ಹಳಿಯವರು ನಾವು!

ನಾನು ‘ಯಾವೂರು’ ಅಂತ ಮೊದಲೇ ಕೇಳಿದ್ದರೆ ಇದಾಗುತ್ತಿರಲಿಲ್ಲ ಅಂತ ಆಫೀಸಿನಲ್ಲಿ ಹೇಳಿದೆ. ಅಲ್ಲಿ ನನ್ನ ಗೆಳತಿ ಒಬ್ಬಳಿದ್ದಾಳೆ, ಕೋಲಾರದ ಕಡೆಯವಳು. ಅವಳಿಗೆ ಈ ಮಾತು ಹಿಡಿಸಲಿಲ್ಲ. ‘ನಿಮಗೆ ಯಾವೂರು ಅನ್ನೋದು ಪ್ರೀತಿ. ನಮಗೆ ಅದು ಮೊದಲನೇ ಪ್ರಶ್ನೆ ಅಷ್ಟೇ. ಎರಡನೇದು ಯಾವ ಕೇರಿ ಅಂತ ಇರುತ್ತೆ’ ಅಂದಳು. ಅವರೂರಿನ ಹೋಟೆಲಿನಲ್ಲಿ ಅವಳ ಅಪ್ಪನಿಗೆ ಲೋಟ ಬೇರೆ ಇಡುತ್ತಿದ್ದರಂತೆ. ಕುಡಿದು ತಾನೇ ತೊಳೆದು ಕಿಟಕಿಯ ಮೇಲಿಡಬೇಕು. ಅಪ್ಪ ಮೊದಲ ಸಲ ಬೆಂಗಳೂರಿಗೆ ಬಂದಾಗ ಅವಳು ದರ್ಶಿನಿಗೆ ಕರೆದುಕೊಂಡು ಹೋಗಿದ್ದಳು. 1983ರಲ್ಲಿ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಹೋಟೆಲುಗಳನ್ನು ನಾವು ಬೇಗ ಆಗುತ್ತದೆ, ಅಗ್ಗ ಅಂತ ಹೊಗಳುತ್ತೇವೆ. ಅವಳ ಅಪ್ಪ ಕಂಡಿದ್ದು ಬೇರೆ. ಟೋಕನ್ ಕೊಟ್ಟವರೆಲ್ಲರಿಗೂ ಒಂದೇ ಲೋಟ. ಎದೆಯೆತ್ತರದ ಮೇಜಿನ ಆ ಕಡೆ ಟೈ ಕಟ್ಟಿದವನೊಬ್ಬ, ಈ ಕಡೆ ಇವರು. ಅವನು ಇವರ ಕಡೆ ನೋಡಲೂ ಇಲ್ಲ. ಚಟ್ನಿ ಬಟ್ಟಲು ಸ್ವಲ್ಪ ಸರಿಸಿ ಜಾಗ ಮಾಡಿದ. ‘ನಮ್ಮಪ್ಪ ಎರಡು ಕಾಫಿ ಕುಡಿದರು ಕಣೆ’ ಅಂದಳು. ‘ನಿನಗೆ ಈ ಊರು ತಣ್ಣಗೆ ಅನ್ಸುತ್ತೆ. ನಮಗೆ ಆ ತಂಪೇ ಬೇಕಾಗಿತ್ತು.’

ಅವಳಿಗೇ ಮನೆ ಹುಡುಕುವಾಗ ಈ ಊರು ತನ್ನ ಇನ್ನೊಂದು ಮುಖ ತೋರಿಸಿತು. ಬಾಡಿಗೆಗೆ ಬೋರ್ಡು ಹಾಕಿದವರು ನಗುತ್ತಲೇ ಬಾಗಿಲು ತೆಗೆಯುತ್ತಾರೆ, ನೀರು ಕೊಡುತ್ತಾರೆ. ಆಮೇಲೆ ‘ವೆಜ್ಜಾ, ನಾನ್‌ವೆಜ್ಜಾ?’ ಅದಾದ ಮೇಲೆ ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ಜೊತೆಗೆ ಹೋಗಿದ್ದ ನನ್ನನ್ನೂ ಕೇಳಿದರು. ನಾನು ಹೇಳಿಬಿಟ್ಟೆ, ಅವಳು ಹೇಳಲಿಲ್ಲ. ಬೀದಿಗೆ ಬಂದ ಮೇಲೆ ಇಬ್ಬರೂ ಬಸ್ ಸ್ಟಾಪಿನವರೆಗೆ ಮಾತಾಡಲಿಲ್ಲ. ಅಂಥ ಸ್ನೇಹಕ್ಕಿಂತ ಮುಖ ಗಂಟು ಹಾಕಿಕೊಂಡ ಬಸ್ಸೇ ವಾಸಿ.

ಇನ್ನೊಂದು ಮಾತು. ಈಗ ಜನ ಮೊದಲಿಗಿಂತ ಬಿಗಿಯಾಗಿದ್ದಾರೆ ಅಂತ ಎಲ್ಲರೂ ಹೇಳುತ್ತಾರೆ, ಮೊಬೈಲಿಗೆ ಬೈಯುತ್ತಾರೆ. ಇರಬಹುದು. ಆದರೆ ನಾವು ಮೊದಲು ಅಪರಿಚಿತರ ಹತ್ತಿರ ಏನು ಮಾತಾಡುತ್ತಿದ್ದೆವು ಅಂತ ನೆನಪು ಮಾಡಿಕೊಳ್ಳಿ. ‘ಟೈಮ್ ಎಷ್ಟು?’ ‘ಇದು ಶಿವಾಜಿನಗರಕ್ಕೆ ಹೋಗುತ್ತಾ?’ ‘ಹನ್ನೊಂದನೇ ಕ್ರಾಸ್ ಎಲ್ಲಿ ಬರುತ್ತೆ?’ ಹತ್ತನೇ ಕ್ರಾಸ್ ಆದ ಮೇಲೆ ಹದಿಮೂರು ಬರುವ ಊರು ಇದು. ಅಡ್ರೆಸ್ ಹುಡುಕಬೇಕೆಂದರೆ ಮೂಲೆಯ ಇಸ್ತ್ರಿ ಗಾಡಿಯವರೇ ಗತಿ. ಅವರು ಕೆಂಡ ಊದುವುದನ್ನು ನಿಲ್ಲಿಸಿ, ‘ಯಾರ ಮನೆಗೆ? ಕಾಲೇಜ್ ಮೇಷ್ಟ್ರ ಮನೆನಾ?’ ಅಂತ ಕೇಳಿ, ಅರ್ಧ ದಾರಿ ಜೊತೆಗೇ ಬರುತ್ತಿದ್ದರು. ಈಗ ಗೂಗಲ್ ಮ್ಯಾಪ್ ಇದೆ. ಆಟೋದವರ ಹತ್ತಿರ ಚೌಕಾಸಿ ಇಲ್ಲ, ನಾಲ್ಕು ಅಂಕಿಯ ಒಟಿಪಿ ಹೇಳಿ ಕೂತರೆ ಇಳಿಯುವವರೆಗೆ ಮಾತೇ ಬೇಕಿಲ್ಲ. ಬಸ್ಸಿನಲ್ಲಿ ಯುಪಿಐ ಬಂತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಹೆಂಗಸರು ಆಧಾರ್ ತೋರಿಸಿ ಫ್ರೀ ಟಿಕೆಟ್ ಇಸಿದುಕೊಳ್ಳುತ್ತೇವೆ. ನೋಟು ಆರೇಳು ಕೈ ದಾಟುವ ಆ ಮೆರವಣಿಗೆ ನಮ್ಮ ಕಡೆ ನಿಂತೇಹೋಯಿತು. ಬೇಜಾರು ಮಾಡಿಕೊಳ್ಳುತ್ತಿಲ್ಲ, ತಿಂಗಳಿಗೆ ಸಾವಿರದ ಮೇಲೆ ಉಳಿಯುತ್ತದೆ. ಮೊದಲು ಮಾತಾಡಿಸುತ್ತಿದ್ದದ್ದು ಪ್ರೀತಿ ಉಕ್ಕಿ ಅಲ್ಲ, ಗರಜಿಗೆ. ಗರಜು ತೀರಿತು, ಮಾತೂ ನಿಂತಿತು.

ಪದೇಪದೇ ಸಿಗುವುದೂ ಕಡಿಮೆಯಾಗಿದೆ. ನಮ್ಮ ಭಾವಮೈದುನ ತುಮಕೂರಿನಿಂದ ದಿನಾ ರೈಲಿನಲ್ಲಿ ಬರುತ್ತಾನೆ. ಎಪ್ಪತ್ತು ಕಿಲೋಮೀಟರ್, ಪಾಸಿನವನು. ಅವನ ಬೋಗಿಯಲ್ಲಿ ಯಾರ ಮಗಳಿಗೆ ಎಷ್ಟು ಮಾರ್ಕ್ಸು, ಯಾರಿಗೆ ಶುಗರ್ರು ಎಲ್ಲ ಎಲ್ಲರಿಗೂ ಗೊತ್ತು. ಇಸ್ಪೀಟು ಉಂಟು, ಚಿತ್ರಾನ್ನ ಹಂಚಿಕೊಳ್ಳುವುದು ಉಂಟು, ಆಯುಧಪೂಜೆಗೆ ಬೋಗಿಗೆ ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೆಯುವುದೂ ಉಂಟು. ಅವರೆಲ್ಲ ನಮಗಿಂತ ಒಳ್ಳೆಯ ಜನ ಅಂತಲ್ಲ. ಅವರಿಗೆ ಹೊತ್ತಿಗೆ ಸರಿಯಾದ ರೈಲು ಒಂದೇ ಒಂದು. ಅದು ತಪ್ಪಿದರೆ ಆ ದಿನ ಲೇಟು. ಹಾಗಾಗಿ ದಿನಾ ಅದೇ ಮುಖ, ಅದೇ ಕಿಟಕಿ. ಮೆಟ್ರೋ ಹಾಗಲ್ಲ. 2011ರ ಅಕ್ಟೋಬರ್ 20ಕ್ಕೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲು ಬಿಟ್ಟಾಗ ಅದರಲ್ಲೂ ಜಾತ್ರೆಯ ಗಲಾಟೆ. ಸುಮ್ನೆ ಹೋಗಿಬರಲು ಮನೆಮಂದಿಯೆಲ್ಲ ಬಂದು, ಗುರುತಿಲ್ಲದವರಿಗೆಲ್ಲ ‘ಅಲ್ಲಿ ನೋಡಿ, ಸ್ಟೇಡಿಯಂ!’ ಅಂತ ತೋರಿಸುತ್ತಿದ್ದರು. ಈಗ ನಾಲ್ಕೈದು ನಿಮಿಷಕ್ಕೊಂದು ರೈಲು. ಎರಡು ನಿಮಿಷ ಹೆಚ್ಚುಕಡಿಮೆಯಾದರೆ ಬೇರೆ ರೈಲು, ಬೇರೆ ಡಬ್ಬಿ, ಬೇರೆ ಮುಖ. ಅನುಕೂಲ ಜಾಸ್ತಿಯಾದಷ್ಟೂ ಪರಿಚಯ ಚದುರುತ್ತದೆ.

ಒಮ್ಮೆ ಪ್ರಯೋಗ ಮಾಡಿ ನೋಡಿದೆ. ಶಿಕಾಗೊದಲ್ಲಿ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಅನ್ನೋ ಇಬ್ಬರು ಸಂಶೋಧಕರು ರೈಲಿನ ಪ್ರಯಾಣಿಕರಲ್ಲಿ ಕೆಲವರಿಗೆ ಪಕ್ಕದವರನ್ನು ಮಾತಾಡಿಸಿ ಅಂತ, ಕೆಲವರಿಗೆ ಸುಮ್ಮನೆ ಕೂರಿ ಅಂತ ಹೇಳಿದ್ದರು. 2014ರಲ್ಲಿ ಅದು ಪ್ರಕಟವಾಯಿತು. ಮಾತಾಡಿಸಿದವರೇ ಪ್ರಯಾಣ ಚೆನ್ನಾಗಿತ್ತು ಅಂದರಂತೆ. ಹೇಗಿರಬಹುದು ಅಂತ ಊಹಿಸಿ ಅಂತ ಬೇರೆ ಪ್ರಯಾಣಿಕರನ್ನು ಕೇಳಿದ್ದಾಗ, ಸುಮ್ಮನಿದ್ದರೇ ಚೆನ್ನಾಗಿರುತ್ತದೆ ಅನ್ನೋದು ಅವರ ಅಂದಾಜು. ಸರಿ, ನಾನೂ ನೋಡೋಣ ಅಂತ ಮೆಟ್ರೋದಲ್ಲಿ ಪಕ್ಕದ ಹುಡುಗಿಗೆ ‘ಇವತ್ತು ರಶ್ಶು ಜಾಸ್ತಿ ಅಲ್ವಾ?’ ಅಂದೆ. ಅವಳು ಕಿವಿಯಿಂದ ಬಿಳಿಯದೊಂದು ತೆಗೆದು, ‘ಸಾರಿ ಆಂಟಿ, ಸೀಟ್ ಬೇಕಾ?’ ಅಂತ ಎದ್ದೇ ನಿಂತುಬಿಟ್ಟಳು. ನನಗಾಗ ನಲವತ್ತೈದು ವರ್ಷ. ಪ್ರಯೋಗ ಅಲ್ಲಿಗೇ ಮುಗಿಯಿತು. ಕೂತುಕೊಂಡೆ, ಬಿಡಿ.

ಮಾತಾಡಿಸುವ ಮೊದಲು ನನ್ನ ಎದೆ ಎಷ್ಟು ಹೊಡೆದುಕೊಂಡಿತ್ತು ಅಂತ ಹೇಳಿದರೆ ನಗುತ್ತೀರಿ. ಆಮೇಲೆ ಓದಿದೆ. 1970ರ ದಶಕದ ಶುರುವಿನಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಅನ್ನೋ ಪ್ರೊಫೆಸರು ನ್ಯೂಯಾರ್ಕಿನ ಸಬ್‌ವೇಯಲ್ಲಿ ಕೂತವರನ್ನು ‘ನಿಮ್ಮ ಸೀಟು ಕೊಡುತ್ತೀರಾ?’ ಅಂತ ಸುಮ್ನೆ ಕೇಳಿ ಬನ್ನಿ ಅಂತ ವಿದ್ಯಾರ್ಥಿಗಳನ್ನು ಕಳಿಸಿದ್ದರು. ಕಾರಣ ಹೇಳುವ ಹಾಗಿಲ್ಲ. ಮುಖ ಗಂಟು ಹಾಕಿಕೊಂಡ ನ್ಯೂಯಾರ್ಕಿನವರಲ್ಲಿ ನೂರಕ್ಕೆ 68 ಜನ ಎದ್ದರು, ಇಲ್ಲವೇ ಸರಿದು ಜಾಗ ಕೊಟ್ಟರು. ಕಷ್ಟವಾಗಿದ್ದು ಕೇಳಿದವರಿಗೆ. ಪ್ರೊಫೆಸರು ತಾವೇ ಹೋದಾಗ ಗಂಟಲಿನಿಂದ ಮಾತೇ ಹೊರಡಲಿಲ್ಲ. ಕಷ್ಟಪಟ್ಟು ಕೇಳಿ, ಸೀಟು ಸಿಕ್ಕ ಮೇಲೆ ಹುಷಾರಿಲ್ಲದವರ ಥರ ತಲೆ ತಗ್ಗಿಸಿ ಕೂತರಂತೆ.

ಅದೇ ಮಿಲ್‌ಗ್ರಾಂ 1972ರಲ್ಲಿ ಇನ್ನೊಂದು ಕೆಲಸ ಮಾಡಿಸಿದರು. ಬೆಳಗ್ಗೆ ರೈಲಿಗೆ ಕಾಯುವವರ ಫೋಟೋ ತೆಗೆದು, ಮುಖಗಳಿಗೆ ನಂಬರು ಹಾಕಿ, ಆಮೇಲೆ ಅದೇ ಪ್ಲಾಟ್‌ಫಾರಂನವರಿಗೆ ಹಂಚಿದರು. ಇದರಲ್ಲಿ ಯಾರು ಗೊತ್ತು? ನೂರಕ್ಕೆ 90ರ ಹತ್ತಿರ ಜನ ಒಬ್ಬರನ್ನಾದರೂ ಗುರುತು ಹಿಡಿದರು. ಮುಖ ಗೊತ್ತು, ಮಾತಾಡಿಲ್ಲ ಅನ್ನುವಂಥವರು ಒಬ್ಬೊಬ್ಬರಿಗೂ ಸರಾಸರಿ ನಾಲ್ಕು ಜನ. ಇಂಥವರಿಗೆ ಕನ್ನಡದಲ್ಲಿ ಏನು ಅನ್ನಬೇಕು ಅಂತ ನನಗೆ ಗೊತ್ತಿರಲಿಲ್ಲ. ಪರಿಚಿತರು ಅನ್ನುವ ಹಾಗಿಲ್ಲ, ಅಪರಿಚಿತರು ಅಂದರೆ ಸುಳ್ಳು. ಆ ಪದ ನನಗೆ ಸಿಕ್ಕಿದ್ದು ಧರ್ಮಸ್ಥಳದಲ್ಲಿ.

ಮದುವೆಯಾದ ಮೇಲೆ ನಾವು ಬಸವೇಶ್ವರನಗರಕ್ಕೆ ಬಂದೆವು. ಬೆಳಗ್ಗೆ 8.40ರ ಬಸ್ಸು. ನನ್ನ ಸ್ಟಾಪಿನಲ್ಲಿ ಒಬ್ಬರು ನಿಲ್ಲುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ನೀಲಿ ಛತ್ರಿ, ಇನ್ನೊಂದು ಕೈಯಲ್ಲಿ ಸ್ಟೀಲಿನ ಟಿಫನ್ ಕ್ಯಾರಿಯರ್. ಮನೆಯಲ್ಲಿ ನಾನು ಅವರನ್ನು ‘ನೀಲಿ ಛತ್ರಿ’ ಅಂತಲೇ ಹೇಳುತ್ತಿದ್ದೆ. ‘ನೀಲಿ ಛತ್ರಿ ಇವತ್ತು ಹೊಸ ಸೀರೆ ಉಟ್ಟಿದ್ದರು, ಏನು ವಿಶೇಷವೋ.’ ನಾಲ್ಕು ವರ್ಷ ಒಂದೂ ಮಾತಾಡಿರಲಿಲ್ಲ. ಬಸ್ಸು ಬರುವ ಕಡೆಗೆ ಒಟ್ಟಿಗೆ ಕತ್ತು ಚಾಚುತ್ತಿದ್ದೆವು, ಬರದಿದ್ದರೆ ಒಟ್ಟಿಗೆ ಲೊಚಗುಟ್ಟುತ್ತಿದ್ದೆವು. ಒಂದು ಹಂತ ದಾಟಿದ ಮೇಲೆ ಮಾತು ಶುರು ಮಾಡುವುದು ಇನ್ನೂ ಕಷ್ಟ. ಇಷ್ಟು ದಿನ ಯಾಕೆ ಮಾತಾಡಿಸಲಿಲ್ಲ ಅನ್ನೋದಕ್ಕೆ ಮೊದಲು ಸಮಜಾಯಿಷಿ ಕೊಡಬೇಕಲ್ಲ!

2020ರಲ್ಲಿ ಲಾಕ್‌ಡೌನ್. ಬಸ್ಸು ಮತ್ತೆ ಬಿಟ್ಟ ಮೇಲೆ ಜೂನಿನಲ್ಲಿ ಸ್ಟಾಪಿಗೆ ಹೋದರೆ ಎಲ್ಲರ ಮುಖದ ಮೇಲೂ ಮಾಸ್ಕು. ದೂರದಲ್ಲಿ ನೀಲಿ ಛತ್ರಿ ಕಂಡಿತು. ಇದ್ದಾರಪ್ಪ ಅಂತ ಅಷ್ಟು ಸಮಾಧಾನ ಯಾಕಾಯಿತೋ. ಅವರೂ ನನ್ನನ್ನು ನೋಡಿದರು. ತಲೆಯಾಡಿಸಿದರು, ನಾನೂ ಆಡಿಸಿದೆ. ಆಮೇಲೆ ಅದೇ ರೂಢಿಯಾಯಿತು. ತಲೆಯಾಡಿಸುವುದು, ಕತ್ತು ಚಾಚುವುದು.

ಶಕ್ತಿ ಯೋಜನೆ ಬಂದ ಹೊಸದರಲ್ಲಿ ಹೆಂಗಸರೆಲ್ಲ ದೇವಸ್ಥಾನಗಳ ಕಡೆ ಹೊರಟರಲ್ಲ, ನಾನೂ ಅತ್ತೆಯನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋದೆ. ಸರದಿ ಸಾಲು ಎಷ್ಟಿತ್ತೆಂದರೆ ಕೊನೆ ಎಲ್ಲಿ ಅಂತ ಕೇಳಿಕೊಂಡು ಹೋಗಬೇಕು. ಹಾವಿನ ಥರ ಸುತ್ತುವ ಸಾಲಿನಲ್ಲಿ ಪಕ್ಕದ ಸುತ್ತಿನವರು ಎದುರಾಗುತ್ತಾರಲ್ಲ, ಹಾಗೆ ಕಂಬಿಯ ಆಚೆ ಅವರು. ‘ಅಯ್ಯೋ, ನೀವಾ!’ ಅಂತ ಕೂಗಿಬಿಟ್ಟರು. ನಾನೂ ಕೂಗಿದೆ. ಕಂಬಿಯ ನಡುವಿನಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ‘ಯಾವಾಗ ಬಂದ್ರಿ? ಊಟ ಆಯ್ತಾ? ಇವರು ಅತ್ತೆಯವರಾ?’ ಸುತ್ತಲಿನವರು ಅಕ್ಕತಂಗಿ ಅಂದುಕೊಂಡಿರಬೇಕು. ಅವರ ಯಜಮಾನರು ಪಿಳಿಪಿಳಿ ನೋಡುತ್ತಿದ್ದರು. ‘ರೀ, ಇವರು ನಮ್ಮ ಸ್ಟಾಪಿನವರು’ ಅಂತ ಪರಿಚಯ ಮಾಡಿಸಿದರು.

ದೂರದ ಊರಿನಲ್ಲಿ ಸಿಕ್ಕಷ್ಟೂ ಇಂಥವರು ಮಾತಾಡುತ್ತಾರೆ ಅಂತ ಆ ಮಿಲ್‌ಗ್ರಾಂ ಆಗಲೇ ಬರೆದಿದ್ದರು. ಊಟದ ಪಂಕ್ತಿಯಲ್ಲೂ ಒಟ್ಟಿಗೆ ಕೂತೆವು. ಆ ಸ್ಟಾಪಿಗೆ ಶೆಲ್ಟರ್ ಬೇಕು, ಹೊಸ ಡ್ರೈವರು ಬ್ರೇಕು ಜೋರಾಗಿ ಹಾಕುತ್ತಾನೆ, ಎದುರಿನ ಬೇಕರಿಯಲ್ಲಿ ಖಾರಾ ಬನ್ ಮೊದಲಿನ ಹಾಗಿಲ್ಲ. ಎರಡು ಗಂಟೆ ಇದೇ ಮಾತು. ಹೆಸರು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ‘ಯಾವೂರು’ ಅಂತಲೂ ಕೇಳಲಿಲ್ಲ. ಅತ್ತೆ ಮಾತ್ರ ರೂಮಿಗೆ ಬಂದ ಮೇಲೆ ‘ಯಾರ ಪೈಕಿ ಅವರು?’ ಅಂದರು. ಗೊತ್ತಿಲ್ಲ ಅಂದರೆ ನಂಬಲಿಲ್ಲ.

ಸೋಮವಾರ 8.40ಕ್ಕೆ ಸ್ಟಾಪಿಗೆ ಹೋದೆ. ಏನು ಮಾತಾಡುವುದು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವರು ನಕ್ಕರು. ‘ಪ್ರಸಾದ ಕೆಡಲಿಲ್ಲ ಅಲ್ವಾ?’ ಅಂದರು. ಇಲ್ಲ ಅಂದೆ. ಬಸ್ಸು ಬಂತು. ಮಂಗಳವಾರ ನಕ್ಕೆವು ಅಷ್ಟೇ. ಬುಧವಾರದಿಂದ ಮತ್ತೆ ತಲೆಯಾಡಿಸುವುದು. ನನಗೆ ಯಾಕೋ ಅದರಿಂದ ಬೇಜಾರಾಗಲಿಲ್ಲ. ದಿನಾ ಬೆಳಗ್ಗೆ ಆ ಹೊತ್ತಿನಲ್ಲಿ ಮಾತಾಡುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಹೋದ ವರ್ಷ ಒಂದು ವಾರ ಅವರು ಬರಲಿಲ್ಲ. ಎರಡನೇ ವಾರವೂ ಇಲ್ಲ. ಹುಷಾರಿಲ್ಲವೋ, ಮನೆ ಬದಲಾಯಿಸಿದರೋ? ಯಾರನ್ನು ಕೇಳುವುದು, ಏನಂತ ಕೇಳುವುದು? ಹೆಸರು ಗೊತ್ತಿಲ್ಲ. ಯಾವ ಆಫೀಸೋ ಗೊತ್ತಿಲ್ಲ. ಕೊನೆಗೆ ಸ್ಟಾಪಿನ ಪಕ್ಕ ಹೂ ಮಾರುವ ಅಜ್ಜಿಯ ಹತ್ತಿರ ಹೋದೆ. ಏಳೆಂಟು ವರ್ಷ ಅವರ ಬುಟ್ಟಿಯ ಪಕ್ಕವೇ ನಿಂತಿದ್ದೇನೆ, ಒಂದು ಮೊಳ ಹೂವೂ ಕೊಂಡವಳಲ್ಲ. ‘ಅಜ್ಜಿ, ನೀಲಿ ಛತ್ರಿ ಹಿಡ್ಕೊಂಡು ಒಬ್ಬರು ಬರ್ತಿದ್ರಲ್ಲ...’

ಅಜ್ಜಿ ಕನಕಾಂಬರದ ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಓ, ನೀನೇನಾ? ಆಯಮ್ಮಂಗೆ ರಿಟೈರ್ ಆಯ್ತಂತೆ. ಹೋಗೋ ದಿನ ಹೇಳೋಣ ಅಂದ್ರೆ ನೀನು ಬಂದಿರ್ಲಿಲ್ಲ. “ದಿನಾ ಮುಖ ಗಂಟು ಹಾಕ್ಕೊಂಡು ನಿಂತಿರ್ತಾರಲ್ಲ, ಆ ಮೇಡಂ ಕೇಳಿದ್ರೆ ಹೇಳು” ಅಂತ ನಂಗೆ ಹೇಳೋದ್ರು. ನಾನು ಯಾರಪ್ಪಾ ಅದು ಅಂತ ನೋಡ್ತಾನೇ ಇದ್ದೆ.’

ಬಸ್ಸು ಬಂತು. ಅಜ್ಜಿ ಎರಡು ಮೊಳ ಅಳೆದು ಕತ್ತರಿಸಿಯಾಗಿತ್ತು. ಬೇಕಾ ಅಂತ ಕೇಳಲಿಲ್ಲ.